ಫೈನಿಗೊಂದು ವಿಮೆ

ಪದವಿಯಲ್ಲಿ ನಾವು ಓದಿದ್ದು ಅನ್ವಯಿಕ ಅರ್ಥಶಾಸ್ತ್ರ ಮತ್ತು ಸಾರ್ವಜನಿಕ ನೀತಿ. ಯಾವ ವರ್ಷ ಯಾವ ಪೇಪರ್ ಇತ್ತು ಅಂತ ಈಗ ಕೇಳಿದರೆ ಹೇಳಲಾರೆ. ಬಡ್ಡಿದರ ಮತ್ತು ಆದಾಯದ ಚಿತ್ರದಲ್ಲಿ ಐಎಸ್-ಎಲ್‌ಎಂ ಅನ್ನೋ ಗೆರೆಗಳು ಒಂದನ್ನೊಂದು ಕತ್ತರಿಸುತ್ತವೆ ಅನ್ನೋದು ನೆನಪಿದೆ, ಕತ್ತರಿಸಿದರೆ ಏನಾಗುತ್ತೆ ಅನ್ನೋದು ಮರೆತಿದೆ. ಆದರೆ ಪಬ್ಲಿಕ್ ಫೈನಾನ್ಸ್ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಮನೆ ಬರೆದು, ಅದರ ಕಿಟಕಿಗಳನ್ನು ಒಂದೊಂದಾಗಿ ಡಸ್ಟರಿನಿಂದ ಒರೆಸಿದ್ದು ಮಾತ್ರ ಮರೆತಿಲ್ಲ. ಈ ವರ್ಷ ಅವರು ತೀರಿಕೊಂಡರು. ಸಂಪಾದಕರು ಲೇಖನ ಕೇಳಿದಾಗ ಬೇರೆ ಏನೂ ಹೊಳೆಯಲಿಲ್ಲ.

ಅದು ಅವರ ಮೊದಲ ಕ್ಲಾಸು. ಇಂಗ್ಲೆಂಡಿನಲ್ಲಿ 1696ರಲ್ಲಿ ಬಂದ ಕಿಟಕಿ ತೆರಿಗೆಯ ವಿಷಯ. "ದುಡ್ಡಿದ್ದವನ ಮನೆ ದೊಡ್ಡದು, ದೊಡ್ಡ ಮನೆಗೆ ಕಿಟಕಿ ಜಾಸ್ತಿ. ಅಧಿಕಾರಿ ಮನೆಯೊಳಗೆ ಕಾಲಿಡಬೇಕಾಗಿಲ್ಲ, ಬೀದಿಯಲ್ಲಿ ನಿಂತು ಎಣಿಸಿದರೆ ಆಯ್ತು. ಒಳ್ಳೇ ತೆರಿಗೆ ಅಲ್ವಾ?" ಹೌದು ಸರ್ ಅಂದೆವು. "ಆಮೇಲೆ?" ಅಂದರು. ಯಾರೂ ಬಾಯಿ ಬಿಡಲಿಲ್ಲ. ಡಸ್ಟರ್ ಕೈಗೆ ತೆಗೆದುಕೊಂಡರು.

1747ರ ನಂತರ ಕಿಟಕಿ 10 ಆದರೆ ಪ್ರತಿಯೊಂದಕ್ಕೂ ತೆರಿಗೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಕಿಟಕಿ ಸರಿಯಾಗಿ 9ಕ್ಕೆ ನಿಂತವು. ಇಟ್ಟಿಗೆ ಇಟ್ಟು ಮುಚ್ಚಿದರು, ಹೊಸದಾಗಿ ಕಟ್ಟುವವರು ಕಡಿಮೆ ಇಟ್ಟರು. ಪಟ್ಟಣಗಳಲ್ಲಿ ಹತ್ತಾರು ಬಾಡಿಗೆ ಸಂಸಾರಗಳಿದ್ದ ಕಟ್ಟಡವೂ ಲೆಕ್ಕಕ್ಕೆ ಒಂದೇ ಮನೆ. ಮಾಲೀಕ ತೆರಿಗೆ ಉಳಿಸಿದ, ಬಾಡಿಗೆಯವರು ಗಾಳಿ ಬೆಳಕಿಲ್ಲದೆ ಬದುಕಿದರು. ಈ ತೆರಿಗೆ ಹೋಗಿದ್ದು 1851ರಲ್ಲಿ. "ಸರ್ಕಾರದ ಲೆಕ್ಕದಲ್ಲಿ ಆ ಕತ್ತಲೆಗೆ ಕಾಲಂ ಇರಲಿಲ್ಲ" ಅಂತ ಹೇಳಿ, ಚಾಕ್‌ಪೀಸನ್ನು ಎರಡು ತುಂಡು ಮಾಡಿ ಕನ್ನಡಕದ ಡಬ್ಬಿಗೆ ಹಾಕಿಕೊಂಡು ಹೊರಟರು. ಉದ್ದ ಚಾಕ್‌ಪೀಸ್ ಕಿರುಗುಟ್ಟುತ್ತೆ ಅಂತ ಅವರು ಯಾವಾಗಲೂ ಮುರಿದೇ ಬರೆಯುತ್ತಿದ್ದರು. ಅವತ್ತಿನಿಂದ ಅವರು ನಮಗೆ "ಆಮೇಲೆ ಮೇಷ್ಟ್ರು".

ನಾವು ಓದುತ್ತಿದ್ದಾಗಲೇ, 1994ರಲ್ಲಿ, ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅವರ ಕನಿಷ್ಠ ಕೂಲಿಯ ಲೇಖನ ಬಂತು. ನ್ಯೂಜೆರ್ಸಿಯಲ್ಲಿ 1992ರ ಏಪ್ರಿಲ್‌ನಲ್ಲಿ ಗಂಟೆಗೆ 4.25 ಡಾಲರ್ ಇದ್ದ ಕೂಲಿ 5.05 ಆಯಿತು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಬದಲಾಗಲಿಲ್ಲ. ಎರಡೂ ಕಡೆ ಸೇರಿ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಮುಂಚೆ ಮತ್ತು ನಂತರ ವಿಚಾರಿಸಿದರೆ, ಕೂಲಿ ಏರಿದ ಕಡೆ ಕೆಲಸ ಕಡಿಮೆ ಆಗಿದ್ದು ಕಾಣಲಿಲ್ಲ. ಮೇಷ್ಟ್ರು ಇದಕ್ಕೆ ಉಲ್ಟಾ ಪಾಠವನ್ನು ವರ್ಷಗಟ್ಟಲೆ ಹೇಳಿಕೊಂಡು ಬಂದವರು. ಜೆರಾಕ್ಸ್ ಪ್ರತಿ ಹಿಡಿದುಕೊಂಡು ಬಂದರು, ಹಳದಿಯಾಗಿದ್ದ ತಮ್ಮ ನೋಟ್ಸ್ ತೆಗೆದರು, ನಮ್ಮೆದುರೇ ಆ ಪುಟಕ್ಕೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಪರೀಕ್ಷೆಗೆ ಯಾವುದು ಬರೆಯೋದು ಸರ್ ಅಂತ ಹಿಂದಿನ ಬೆಂಚಿನವನು ಕೇಳಿದ. "ಎರಡೂ ಬರಿ. ಮಾರ್ಕ್ಸ್ ನಾನು ಕೊಡ್ತೀನಿ" ಅಂದರು. ಕಾರ್ಡ್ ಅವರಿಗೆ ನೊಬೆಲ್ ಬಂದಿದ್ದು 2021ರಲ್ಲಿ. ಕ್ರೂಗರ್ ಅಷ್ಟರಲ್ಲಿ ಇರಲಿಲ್ಲ.

ಇನ್ನು ನಮ್ಮ ಘನಕಾರ್ಯ. ಮೊದಲ ಪೀರಿಯಡ್‌ಗೆ ತಡವಾಗಿ ಬರುವವರಿಗೆ ವಿಭಾಗದವರು ಫೈನ್ ಹಾಕಿದರು. ಆಗ ಒಂದು ಐಡಿಯಾ ಹೊಳೆಯಿತು. ನನಗೇ ಹೊಳೆದಿದ್ದು, ಬೇರೆಯವರು ಏನೇ ಹೇಳಲಿ. ಎಲ್ಲರೂ ವಾರಕ್ಕಿಷ್ಟು ಅಂತ ಚಂದಾ ಹಾಕೋದು, ಯಾರಿಗೆ ಫೈನ್ ಬಿದ್ದರೂ ಅದರಿಂದ ಕಟ್ಟೋದು. ಕಂಪಾಸ್ ಬಾಕ್ಸೇ ಖಜಾನೆ, ನಾನೇ ಖಜಾಂಚಿ. ಲೆಕ್ಕಕ್ಕೊಂದು ನೋಟ್‌ಬುಕ್ ಬೇರೆ.

ಮೊದಲ ವಾರ ಚೆನ್ನಾಗೇ ನಡೆಯಿತು. ಆಮೇಲೆ ಮುಂಚೆ ಓಡೋಡಿ ಬರುತ್ತಿದ್ದವರೂ ನಿಧಾನಕ್ಕೆ ಬರತೊಡಗಿದರು. ಹೇಗೂ ಫೈನ್ ಕಟ್ಟುತ್ತಾರಲ್ಲ! ದುಡ್ಡು ಸಾಲದೆ ನಾನು ಚಂದಾ ಏರಿಸಿದೆ. ಎಂದೂ ತಡ ಮಾಡದ ಮುಂದಿನ ಬೆಂಚಿನವರು, ನಾವ್ಯಾಕೆ ಸುಮ್ನೆ ಕೊಡಬೇಕು ಅಂತ ಬಿಟ್ಟು ಹೋದರು. ಮತ್ತೆ ಏರಿಸಿದೆ. ಅಪರೂಪಕ್ಕೆ ತಡ ಮಾಡುವವರೂ ಹೋದರು. ಕೊನೆಗೆ ಉಳಿದವರು ಬೆಲ್ ಹೊಡೆದ ಮೇಲೆ ಹಾಸಿಗೆ ಬಿಡುವ ಹಾಸ್ಟೆಲ್ ಮಹಾಶಯರು ಮಾತ್ರ. ಬಾಕ್ಸ್ ಖಾಲಿ.

ಅಸೈನ್‌ಮೆಂಟ್ ಪುಸ್ತಕಗಳ ಜೊತೆ ಆ ನೋಟ್‌ಬುಕ್ಕೂ ಮೇಷ್ಟ್ರ ಟೇಬಲ್ ಸೇರಿತು. ಪ್ರಿನ್ಸಿಪಾಲರ ರೂಮು ಗ್ಯಾರಂಟಿ ಅಂದುಕೊಂಡೆವು. ಮರುದಿನ ಅವರು ಅದನ್ನು ಹಿಡಿದುಕೊಂಡೇ ಬಂದು, ಚಂದಾ ಏರಿದ್ದನ್ನು, ಒಬ್ಬೊಬ್ಬರೇ ಬಿಟ್ಟುಹೋಗಿದ್ದನ್ನು ತಾರೀಖು ಸಮೇತ ಬೋರ್ಡಿನ ಮೇಲೆ ಗ್ರಾಫ್ ಹಾಕಿದರು. "ಏರಿಸಿದ್ದು ಯಾರು?" "ನಾನೇ ಸರ್." "ಸರಿಯಾಗೇ ಏರಿಸಿದ್ದೀಯ. ಮುಳುಗೋ ಕಂಪನಿಗಳೂ ಹೀಗೇ ಏರಿಸ್ತಾವೆ." ಇಡೀ ಕ್ಲಾಸು ನಕ್ಕಿತು. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳ ಬಗ್ಗೆ ಬರೆದ ಲೇಖನ, ಅದರಲ್ಲೇ ವಯಸ್ಸಾದವರಿಗೆ ವಿಮೆ ಸಿಗೋದು ಯಾಕೆ ಕಷ್ಟ ಅಂತ ಬರುವ ಮಾತು, ಅದನ್ನು ಮೂರು ಪತ್ರಿಕೆಗಳು ವಾಪಸ್ ಕಳಿಸಿದ್ದು, ಎಲ್ಲ ಅವತ್ತೇ ಹೇಳಿದರು. ಅಪಾಯ ಕಡಿಮೆ ಇರುವವರು ಬಿಟ್ಟುಹೋಗಿ ಜಾಸ್ತಿ ಇರುವವರೇ ಉಳಿದರೆ ಅಡ್ವರ್ಸ್ ಸೆಲೆಕ್ಷನ್, ಹೇಗೂ ಬೇರೆಯವರು ಕಟ್ಟುತ್ತಾರೆ ಅಂತ ಎಚ್ಚರ ತಪ್ಪಿದರೆ ಮಾರಲ್ ಹಜಾರ್ಡ್. ಈ ಎರಡು ಪದಗಳನ್ನು ನಮ್ಮ ಬ್ಯಾಚಿನವರು ಇವತ್ತಿಗೂ ಅದಲುಬದಲು ಮಾಡುವುದಿಲ್ಲ.

ಟೆಸ್ಟಿನಲ್ಲೂ ಅದೇ ಪ್ರಶ್ನೆ: ಈ ನಿಧಿ ಮುಳುಗದ ಹಾಗೆ ನಿಯಮ ಬರೆಯಿರಿ. ಎಲ್ಲರೂ ಕಡ್ಡಾಯವಾಗಿ ಸೇರಬೇಕು, ಪ್ರತಿಯೊಬ್ಬರೂ ಮೊದಲ ಫೈನನ್ನು ಕೈಯಿಂದಲೇ ಕಟ್ಟಬೇಕು, ತಡ ಮಾಡದವರಿಗೆ ಚಂದಾದಲ್ಲಿ ರಿಯಾಯಿತಿ ಅಂತ ಬರೆದೆ. ನನ್ನ ಉತ್ತರವನ್ನು ಕ್ಲಾಸಿನಲ್ಲಿ ಓದಿ ಹೇಳಿದರು ಅನ್ನೋದನ್ನು ಇಲ್ಲಿ ಹೇಳದೆ ಇರೋದು ಹೇಗೆ!

ಫೈನನ್ನು ಬೇಗನೆ ತೆಗೆದುಹಾಕಿದರು. ತಡವಾಗಿ ಬರುವವರು ಮಾತ್ರ ಹಾಗೇ ಬರುತ್ತಿದ್ದರು. ಇಸ್ರೇಲಿನ ಹೈಫಾದ ಶಿಶುವಿಹಾರಗಳ ಮೇಲೆ ನೀಝಿ ಮತ್ತು ರುಸ್ಟಿಕಿನಿ 2000ದಲ್ಲಿ ಪ್ರಕಟಿಸಿದ ಲೇಖನವನ್ನು ಮುಂದೆ ಓದಿದಾಗ ಕುರ್ಚಿಯಿಂದ ಎದ್ದುಬಿಟ್ಟೆ. ಮಕ್ಕಳನ್ನು ಕರೆದೊಯ್ಯಲು ತಡ ಮಾಡುವ ಪೋಷಕರಿಗೆ ಫೈನ್ ಹಾಕಿದರೆ ತಡ ಮಾಡುವವರು ಜಾಸ್ತಿಯಾದರು, ಫೈನ್ ತೆಗೆದ ಮೇಲೂ ಕಡಿಮೆಯಾಗಲಿಲ್ಲ. ನಾವು ಬರೆದಿಟ್ಟಿದ್ದರೆ ನಮ್ಮ ಹೆಸರೇ ಇರುತ್ತಿತ್ತೋ ಏನೋ!

ಸ್ಟ್ಯಾಟಿಸ್ಟಿಕ್ಸ್ ಮೇಡಂ ಬೇರೆ ಥರ. ಮಾತು ಕಡಿಮೆ. ನಾಲ್ಕು ಗುಂಪು ಅಂಕಿ ಕೊಟ್ಟು ಲೆಕ್ಕ ಮಾಡಿಸಿದರು. ನಾಲ್ಕರಲ್ಲೂ ಎಕ್ಸ್ ಸರಾಸರಿ 9, ವೈ ಸರಾಸರಿ 7.5, ಎರಡೂ ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಅಂತ ಹೇಳುವ ಕೋರಿಲೇಷನ್ ಹತ್ತಿರ ಹತ್ತಿರ 0.82. ಎಲ್ಲ ಒಂದೇ ಮೇಡಂ ಅಂದೆವು. ಗ್ರಾಫ್ ಶೀಟಿನಲ್ಲಿ ಚುಕ್ಕಿ ಇಡಿಸಿದರು. ಒಂದು ಬಾಗಿತ್ತು, ಒಂದರಲ್ಲಿ ಒಂದೇ ಒಂದು ಚುಕ್ಕಿ ಸಾಲು ತಪ್ಪಿತ್ತು, ನಾಲ್ಕೂ ನಾಲ್ಕು ಥರ. ಸಂಖ್ಯಾಶಾಸ್ತ್ರಜ್ಞ ಆನ್ಸ್‌ಕೋಂಬ್ 1973ರಲ್ಲಿ ಇದಕ್ಕೆಂದೇ ಮಾಡಿದ ಅಂಕಿಗಳವು.

2013ರಲ್ಲಿ ಥಾಮಸ್ ಹರ್ನ್‌ಡನ್ ಅನ್ನೋ ವಿದ್ಯಾರ್ಥಿ ಕ್ಲಾಸಿನ ಅಸೈನ್‌ಮೆಂಟಿಗೆಂದು ರೈನ್‌ಹಾರ್ಟ್ ಮತ್ತು ರೋಗಾಫ್ ಅನ್ನೋ ಅರ್ಥಶಾಸ್ತ್ರಜ್ಞರ, ಸರ್ಕಾರದ ಸಾಲ ತೀರಾ ಜಾಸ್ತಿಯಾದಾಗ ದೇಶದ ಬೆಳವಣಿಗೆ ಕುಗ್ಗುತ್ತೆ ಅನ್ನೋ ಲೆಕ್ಕವನ್ನು ಮತ್ತೆ ಹಾಕಿದಾಗ ಮೇಡಂ ನೆನಪಾದರು. ಎಕ್ಸೆಲ್‌ನ ಸರಾಸರಿಯಲ್ಲಿ ಐದು ದೇಶಗಳೇ ಬಿಟ್ಟುಹೋಗಿದ್ದವು. ಅದರ ಜೊತೆ ಬಿಟ್ಟುಹೋದ ವರ್ಷಗಳನ್ನು, ದೇಶಗಳಿಗೆ ತೂಕ ಕೊಟ್ಟ ರೀತಿಯನ್ನು ಸರಿಪಡಿಸಿದರೆ, ಜಿಡಿಪಿಯ ಶೇ. 90ಕ್ಕಿಂತ ಜಾಸ್ತಿ ಸಾಲವಿದ್ದಾಗಿನ ಬೆಳವಣಿಗೆ ಮೈನಸ್ 0.1ರ ಬದಲು ಶೇ. 2.2 ಬರುತ್ತಿತ್ತು. ಎಕ್ಸೆಲ್ ತಪ್ಪನ್ನು ಇಬ್ಬರೂ ಒಪ್ಪಿಕೊಂಡರು, ವಾದವನ್ನು ಬಿಡಲಿಲ್ಲ.

ಹಳೇದೇ ಚಿನ್ನ ಅನ್ನುವವನಲ್ಲ ನಾನು. ಈಗಿನ ಹುಡುಗರ ಕೈಗೆ ಸಿಗುವ ಡೇಟಾ ನಮಗೆ ಕನಸಿನಲ್ಲೂ ಇರಲಿಲ್ಲ. ನಾವು ಒಂದು ವಾರ ಕೂತು ಮಾಡುತ್ತಿದ್ದ ರಿಗ್ರೆಷನ್, ಅಂದರೆ ಅಂಕಿಗಳ ನಡುವಿನ ಸಂಬಂಧ ಅಳೆಯುವ ಲೆಕ್ಕ, ಅವರಿಗೆ ಒಂದು ಕ್ಲಿಕ್. ಆದರೆ ಇದೇ ವಿಷಯ ಓದುತ್ತಿರುವ ನನ್ನ ತಂಗಿಯ ಮಗಳನ್ನು, ಈ ಸರ್ವೆಯಲ್ಲಿ ಯಾರ ಮನೆ ಬಾಗಿಲು ತಟ್ಟಿದ್ದರಮ್ಮ ಅಂತ ಕೇಳಿದರೆ, "ಮಾವ, ಅದು ಸ್ಲೈಡಲ್ಲಿ ಇಲ್ಲ" ಅನ್ನುತ್ತಾಳೆ. ಅವಳದೇನು ತಪ್ಪು? ಸ್ಲೈಡ್ ಮುಗಿಸೋದೇ ಪಾಠ ಆಗಿಬಿಟ್ಟಿದೆ.

ಮೇಷ್ಟ್ರು ಹೋದ ಮೇಲೆ ಬ್ಯಾಚಿನವರು ಸೇರಿ ಅವರ ಹೆಸರಿನಲ್ಲಿ ಬಹುಮಾನ ಇಡೋಣ ಅಂತ ತೀರ್ಮಾನಿಸಿದೆವು. ಹೆಚ್ಚು ಮಾರ್ಕ್ಸ್ ತೆಗೆದವರಿಗೆ ಅಂತ ಒಬ್ಬ ಅಂದ. "ಆಮೇಲೆ?" ಅಂತ ನಾಲ್ಕೈದು ಜನ ಒಟ್ಟಿಗೇ ಕೂಗಿದರು. ಪ್ರಕಟವಾದ ಯಾವುದಾದರೂ ಲೆಕ್ಕವನ್ನು ಮತ್ತೆ ಹಾಕಿ ತೋರಿಸಿದವರಿಗೆ ಕೊಡೋಣ ಅಂತ ನಾನು ಹೇಳಿದೆ. ತಪ್ಪು ಸಿಕ್ಕರೆ ಮಾತ್ರ ಬಹುಮಾನವೋ, ಲೆಕ್ಕ ಸರಿಯಾಗೇ ಇದ್ದರೂ ಉಂಟೋ? ತಪ್ಪಿಗೆ ಮಾತ್ರ ಅಂದರೆ ಇಲ್ಲದ ತಪ್ಪನ್ನೂ ಹುಡುಕಿ ತರುತ್ತಾರೆ. ಎರಡಕ್ಕೂ ಅಂದರೆ ಸುಲಭದ ಲೆಕ್ಕವನ್ನೇ ಆರಿಸಿಕೊಳ್ಳುತ್ತಾರೆ. ರಾತ್ರಿಯವರೆಗೂ ವಾದ ಮಾಡಿದರೂ ಬಗೆಹರಿಯಲಿಲ್ಲ. ಕರಡು ನಿಯಮಾವಳಿಯನ್ನು ವಿಭಾಗದ ನೋಟಿಸ್ ಬೋರ್ಡಿಗೆ ಹಾಕಿಸಿದ್ದೇವೆ. ಅದರಲ್ಲಿ ತೂತು ಕಂಡವರು ಸಂಪಾದಕರಿಗೆ ಬರೆದು ತಿಳಿಸಿ.