ದುಬೈ ಆಫರ್: ಚೌಕಾಸಿ ಮಾಡಬೇಕಾದ್ದು ಬೇಸಿಕ್ ಮೇಲೆ

ದುಬೈಯಿಂದ ಆಫರ್ ಬಂದರೆ ಊರಲ್ಲಿ ಮೊದಲ ಪ್ರಶ್ನೆ, ‘ರೂಪಾಯಿಗೆ ಎಷ್ಟಾಯ್ತು?’ ಹತ್ತು ಸಾವಿರ ದಿರ್ಹಮನ್ನು ಗುಣಿಸಿ ನೋಡಿ, ಖುಷಿಯಲ್ಲಿ ಸಹಿ ಹಾಕಿಬಿಡುತ್ತಾರೆ. ಅದರೊಳಗೆ ಬೇಸಿಕ್, ಅಂದರೆ ಮೂಲ ವೇತನ, ಎಷ್ಟು ಅಂತ ಕೇಳುವವರು ಕಮ್ಮಿ.

ಇಲ್ಲಿ ದುಬೈಯಲ್ಲಿ ಸಂಬಳವನ್ನು ಬೇಸಿಕ್, ಮನೆ ಭತ್ಯೆ, ಸಾರಿಗೆ ಭತ್ಯೆ ಅಂತ ಒಡೆದು ಬರೆಯುತ್ತಾರೆ. ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡುಗಂಟು), ಓವರ್‌ಟೈಮ್, ಕೆಲಸ ಬಿಡುವಾಗ ಉಳಿದ ರಜೆಯ ದುಡ್ಡು ಮೂರಕ್ಕೂ ಲೆಕ್ಕ ಹಿಡಿಯುವುದು ಬೇಸಿಕ್ಕನ್ನೇ. ಮೊದಲ 5 ವರ್ಷ, ವರ್ಷಕ್ಕೆ 21 ದಿನದ ಬೇಸಿಕ್ ಗ್ರಾಚ್ಯುಟಿಯಾಗಿ ಸಿಗುತ್ತದೆ. ಆಮೇಲೆ ವರ್ಷಕ್ಕೆ 30 ದಿನದ್ದು. ಒಂದು ವರ್ಷ ತುಂಬುವ ಮೊದಲೇ ಬಿಟ್ಟರೆ ಏನೂ ಇಲ್ಲ.

ಎರಡು ಆಫರ್ ಇವೆ ಅಂದುಕೊಳ್ಳಿ, ಎರಡೂ 10,000. ಒಂದರಲ್ಲಿ ಬೇಸಿಕ್ 4,000, ಇನ್ನೊಂದರಲ್ಲಿ 6,000. ಐದು ವರ್ಷಕ್ಕೆ 105 ದಿನದ ಬೇಸಿಕ್. 4,000ವನ್ನು 30ರಿಂದ ಭಾಗಿಸಿ 105ರಿಂದ ಗುಣಿಸಿದರೆ 14,000 ದಿರ್ಹಮ್, ಇನ್ನೊಂದಕ್ಕೆ 21,000. ಕೈಗೆ ಬರುವ ತಿಂಗಳ ಸಂಬಳ ಒಂದೇ, ಹೊರಡುವ ದಿನ 7,000 ವ್ಯತ್ಯಾಸ.

ಎಚ್‌ಆರ್ ‘ಬಜೆಟ್ ಇಷ್ಟೇ’ ಅಂದಾಗ ಇದೇ ಕೆಲಸಕ್ಕೆ ಬರುತ್ತದೆ. ‘ಒಟ್ಟು ಮೊತ್ತ ಹಾಗೇ ಇರಲಿ, ಬೇಸಿಕ್ 60% ಮಾಡಿಕೊಡಿ’ ಅಂತ ಕೇಳಿ. ತಿಂಗಳ ಖರ್ಚು ಏರುವುದಿಲ್ಲವಾದ್ದರಿಂದ ಒಪ್ಪುವುದು ಅವರಿಗೂ ಸುಲಭ. ದುಬೈನ ಹಣಕಾಸು ವಲಯ ಡಿಐಎಫ್‌ಸಿಯಲ್ಲಿ ಕಾನೂನೇ ಬೇರೆ. ಅಲ್ಲಿ ಬೇಸಿಕ್ ಅರ್ಧಕ್ಕಿಂತ ಕಮ್ಮಿ ಇರುವಂತಿಲ್ಲ.

ಬೆಂಗಳೂರಿನ ಸಿಟಿಸಿಯನ್ನು, ಅಂದರೆ ಪಿಎಫ್ ಎಲ್ಲ ಸೇರಿದ ವರ್ಷದ ಒಟ್ಟು ಪ್ಯಾಕೇಜನ್ನು, ದಿರ್ಹಮಿಗೆ ಬದಲಿಸಿ ‘ಇದರ ಮೇಲೆ 30% ಕೊಡ್ತೀವಿ’ ಅಂದರೆ ತಲೆಯಾಡಿಸಬೇಡಿ. ಹೋಲಿಕೆಯೇ ಸರಿಯಿಲ್ಲ. ದುಬೈಯಲ್ಲಿ ನಮಗೆ ಪಿಎಫ್ ಇಲ್ಲ, ಮನೆ ಬಾಡಿಗೆಯ ಪದ್ಧತಿಯೇ ಬೇರೆ. ವರ್ಷದ ಬಾಡಿಗೆಯನ್ನು ಹೆಚ್ಚಾಗಿ ಒಂದು, ಎರಡು ಅಥವಾ ನಾಲ್ಕು ಚೆಕ್ಕಿನಲ್ಲಿ ಮುಂಗಡ ಕೊಡಬೇಕಾಗುತ್ತದೆ. 60,000 ಬಾಡಿಗೆಯ ಮನೆಗೆ ನಾಲ್ಕು ಚೆಕ್ಕಾದರೆ ಮೊದಲನೆಯದೇ 15,000. ಸಾಮಾನ್ಯವಾಗಿ ಕೇಳುವ 5% ಡೆಪಾಸಿಟ್, 5% ಏಜೆಂಟ್ ಕಮಿಷನ್ ಸೇರಿದರೆ 21,000, ಅದೂ ಮೊದಲ ಸಂಬಳಕ್ಕೆ ಮುಂಚೆ! ಹಾಗಾಗಿ ಮನೆ ಭತ್ಯೆಯನ್ನು ಮುಂಗಡವಾಗಿ ಕೊಟ್ಟು ತಿಂಗಳು ತಿಂಗಳು ಹಿಡಿದುಕೊಳ್ಳಲು ಕೇಳಿ. ಸಂಬಳ ಏರಿಸದ ಕಂಪನಿಯೂ ಎಷ್ಟೋ ಸಲ ಇದಕ್ಕೆ ಒಪ್ಪುತ್ತದೆ.

ವರ್ಷಕ್ಕೊಮ್ಮೆ ಊರಿಗೆ ಟಿಕೆಟ್ ಕೊಡಲೇಬೇಕು ಅಂತ ಕಾನೂನಿಲ್ಲ, ಚೌಕಾಸಿ ಮಾಡಿಯೇ ಪಡೆಯಬೇಕು. ದುಬೈಯಲ್ಲಿ ನೌಕರನಿಗೆ ಆರೋಗ್ಯ ವಿಮೆ ಮಾಡಿಸುವುದು ಕಂಪನಿಗೆ ಕಡ್ಡಾಯ, ಹೆಂಡತಿ ಮಕ್ಕಳ ವಿಮೆ ಕಂಪನಿಯ ಹೊಣೆಯಲ್ಲ. ವೀಸಾ, ನೇಮಕಾತಿ ಖರ್ಚು ಮಾತ್ರ ಚೌಕಾಸಿಯ ವಿಷಯವೇ ಅಲ್ಲ, ಕಾನೂನಿನ ಪ್ರಕಾರ ಅದು ಪೂರ್ತಿ ಕಂಪನಿಯದು. ‘ಸಂಬಳದಲ್ಲಿ ಹಿಡಿಯುತ್ತೇವೆ’ ಅಂದರೆ ಆ ಕಂಪನಿಯ ಬಗ್ಗೆ ಇನ್ನೊಮ್ಮೆ ಯೋಚಿಸಿ.

ಎಡವುವುದು ಕಾಗದದಲ್ಲಿ. ಕಂಪನಿಯ ಲೆಟರ್‌ಹೆಡ್ಡಿನ ಆಫರ್ ಒಂದಾದರೆ, ಕಾರ್ಮಿಕ ಸಚಿವಾಲಯ ಮೊಹ್ರೆಯ ನಮೂನೆಯ ಆಫರ್ ಇನ್ನೊಂದು. ಎರಡರಲ್ಲೂ ಬೇಸಿಕ್ ಒಂದೇ ಇದೆಯೇ ಅಂತ ಸಾಲು ಸಾಲಾಗಿ ನೋಡಿ. ಜಗಳ ಬಂದಾಗ ಸಚಿವಾಲಯ ಮೊದಲು ತೆಗೆಯುವುದು ತನ್ನಲ್ಲಿ ನೋಂದಾಯಿಸಿದ ಕರಾರನ್ನು. ‘ಪ್ರೊಬೇಷನ್ ಮುಗಿದ ಮೇಲೆ ಏರಿಸ್ತೀವಿ’ ಅನ್ನುವ ಮಾತಿದ್ದರೆ ಮೊತ್ತ, ತಿಂಗಳು ಎರಡನ್ನೂ ಆಫರ್‌ನಲ್ಲೇ ಬರೆಸಿಕೊಳ್ಳಿ.

ಈಗಿರುವ ಕಂಪನಿಯಲ್ಲಿ ಏರಿಕೆ ಕೇಳಲು ಒಳ್ಳೆಯ ಹೊತ್ತು, ವರ್ಕ್ ಪರ್ಮಿಟ್ ನವೀಕರಣಕ್ಕೆ ಎರಡು ಮೂರು ತಿಂಗಳು ಮುಂಚೆ. ನಿಮ್ಮನ್ನು ಉಳಿಸಿಕೊಳ್ಳುವುದೋ ಹೊಸಬರನ್ನು ಕರೆತರುವುದೋ ಅಂತ ಅವರು ಲೆಕ್ಕ ಹಾಕುವುದೇ ಆಗ. ಬೇರೆ ಆಫರ್ ಇದೆ ಅಂತ ಹೆದರಿಸುವುದಾದರೆ ಸಹಿಯಾದ ಮೊಹ್ರೆ ಆಫರ್ ಕೈಯಲ್ಲಿರಲಿ. ನೋಟಿಸ್ 30ರಿಂದ 90 ದಿನ, ಕರಾರಿನಲ್ಲಿ ಬರೆದಷ್ಟು. ಪ್ರೊಬೇಷನ್‌ನಲ್ಲೇ, ಅಂದರೆ ಹೆಚ್ಚೆಂದರೆ ಮೊದಲ 6 ತಿಂಗಳಲ್ಲಿ, ಇಲ್ಲಿಯದೇ ಇನ್ನೊಂದು ಕಂಪನಿಗೆ ಹಾರಿದರೆ ಒಂದು ತಿಂಗಳ ನೋಟಿಸ್ ಕೊಡಬೇಕು. ಹಳೆಯ ಕಂಪನಿ ನಿಮ್ಮ ನೇಮಕಾತಿಗೆ ಮಾಡಿದ ಖರ್ಚನ್ನು ಹೊಸದು ತುಂಬಿಕೊಡಬೇಕಾಗಬಹುದು. ಅದನ್ನು ನಿಮ್ಮ ಸಂಬಳದಿಂದ ಹಿಡಿಯುವುದಿಲ್ಲ ಅಂತ ಮೊದಲೇ ಈಮೇಲಿನಲ್ಲಿ ಬರೆಸಿಕೊಳ್ಳಿ.