ಸ್ಕಾರ್ಬರೋದ ಆ ಉದ್ದ ಬೆಂಚು

ಆಗಸ್ಟಿನ ಮೂರು ರಾತ್ರಿಗೆ ಕೋಣೆ ಹುಡುಕಲು ನಾನು ಕೂತದ್ದು ಫೆಬ್ರವರಿಯಲ್ಲಿ. ಇಷ್ಟು ಮುಂಚೆ ಯಾಕೆ ಅಂತ ಅಮ್ಮ ಫೋನಿನಲ್ಲಿ ಕೇಳಿದರು. ಇಲ್ಲಿ ಇಂಗ್ಲೆಂಡಿನಲ್ಲಿ ಶಾಲೆ ನಡೆಯುವಾಗ ಅನುಮತಿಯಿಲ್ಲದೆ ಐದು ದಿನ ತಪ್ಪಿಸಿದರೆ ಮಗುವೊಂದಕ್ಕೆ ಅಪ್ಪನಿಗೆ 80 ಪೌಂಡು, ಅಮ್ಮನಿಗೆ ಇನ್ನೊಂದು 80 ಪೌಂಡು ದಂಡ ಬೀಳಬಹುದು. 21 ದಿನದೊಳಗೆ ಕಟ್ಟದಿದ್ದರೆ ಅದು 160 ಆಗುತ್ತದೆ. ಹಾಗಾಗಿ ಮಕ್ಕಳಿರುವ ಮನೆಗಳೆಲ್ಲ ಬೇಸಿಗೆಯ ಅದೇ ಆರು ವಾರಗಳಲ್ಲಿ ಕಡಲಿನ ಕಡೆ ಹೊರಡುತ್ತವೆ, ಒಳ್ಳೆಯ ಕೋಣೆಗಳು ಚಳಿಗಾಲದಲ್ಲೇ ಖಾಲಿಯಾಗಿರುತ್ತವೆ.

ನಾವಿರುವ ಲೀಡ್ಸ್‌ನಿಂದ ಸ್ಕಾರ್ಬರೋ ಎಂಬ ಕಡಲ ಊರಿಗೆ ನೇರ ರೈಲಿದೆ. ಊರಿನ ನಡುವೆ ಎತ್ತರದ ಗುಡ್ಡ, ಅದರ ಮೇಲೆ ಪಾಳುಬಿದ್ದ ಕೋಟೆ, ಗುಡ್ಡದ ಎರಡು ಪಕ್ಕಕ್ಕೂ ಒಂದೊಂದು ಕೊಲ್ಲಿ. ಬಂದರು, ಅಂಗಡಿ, ಗದ್ದಲ ಎಲ್ಲ ದಕ್ಷಿಣದ ಕೊಲ್ಲಿಯಲ್ಲಿ. ಉತ್ತರದ್ದು ಸುಮ್ಮನಿರುವವರಿಗೆ. ಎಲ್ಲಿ ಉಳಿಯಬೇಕು ಎನ್ನುವುದು ಮೇಲುನೋಟಕ್ಕೆ ಸಣ್ಣ ಪ್ರಶ್ನೆ. ಆದರೆ ಜಾಹೀರಾತಿನ ಮಾತುಗಳನ್ನು ಓದುವುದಕ್ಕೆ ಕಲಿಯಬೇಕು. ‘ಸಮುದ್ರ ಕಾಣುವ ಕೋಣೆ’ ಅಂದರೆ ಕಿಟಕಿ ತೆರೆದರೆ ನೀರು. ‘ಪಕ್ಕದಿಂದ ಸಮುದ್ರ’ ಅಂದರೆ ಕಿಟಕಿಯಿಂದ ಕತ್ತು ಹೊರಗೆ ಚಾಚಬೇಕು. ‘ಸಮುದ್ರಕ್ಕೆ ಐದು ನಿಮಿಷ’ ಅಂದರೆ ಇಳಿಯುವುದಕ್ಕೆ ಐದು ನಿಮಿಷ, ಹತ್ತುವುದರ ಲೆಕ್ಕ ಅದರಲ್ಲಿಲ್ಲ. ಊರು ಬಂಡೆಯ ಮೇಲಿದೆ, ಮರಳು ಕೆಳಗಿದೆ. ಈ ಏರಿಳಿತಕ್ಕೆಂದೇ ಕಡಲಬಂಡೆ ಹತ್ತಿಳಿಯುವ ಬ್ರಿಟನ್ನಿನ ಮೊದಲ ಹಗ್ಗದ ರೈಲನ್ನು 1875ರಲ್ಲಿ ಇಲ್ಲಿ ಹಾಕಿದರು. ಹಳೆಯ ಮನೆಗಳು ನಾಲ್ಕು ಅಂತಸ್ತು, ಲಿಫ್ಟ್ ಇರುವುದಿಲ್ಲ, ಅಗ್ಗದ ಕೋಣೆ ಯಾವಾಗಲೂ ಸೂರಿನ ಕೆಳಗೆ. ಆ ಸೂರಿನ ಅಂಚಿನಲ್ಲಿ ಕಿಟ್ಟಿವೇಕ್ ಎಂಬ ಕಡಲಹಕ್ಕಿಗಳು ಗೂಡು ಕಟ್ಟಿರುತ್ತವೆ. ಬೆಳಗಿನ ಜಾವ ನಾಲ್ಕಕ್ಕೆಲ್ಲ ತಮ್ಮ ಹೆಸರನ್ನು ತಾವೇ ಕೂಗಿಕೊಳ್ಳುತ್ತವೆ.

ನಾನು ಇದನ್ನೆಲ್ಲ ಹಾಳೆಯ ಮೇಲೆ ಗೆರೆ ಎಳೆದು ಬರೆದುಕೊಂಡಿದ್ದೆ. ತಿಂಡಿ ಕೊಡುವ ಗೆಸ್ಟ್‌ಹೌಸೋ, ನಾವೇ ಅಡಿಗೆ ಮಾಡಿಕೊಳ್ಳುವ ಮನೆಯೋ ಎನ್ನುವುದರಲ್ಲಿ ಸಿಕ್ಕಿಕೊಂಡಿದ್ದೆ. ಮನೆಯಾದರೆ ಅನ್ನ ಸಾರು ಮಾಡಬಹುದು, ಆದರೆ ಬೇಸಿಗೆಯಲ್ಲಿ ಹೆಚ್ಚಿನ ಮನೆಗಳನ್ನು ಶನಿವಾರದಿಂದ ಶನಿವಾರಕ್ಕೇ ಕೊಡುತ್ತಾರೆ. ಅಂಥ ಒಂದು ಮಧ್ಯಾಹ್ನ, ಬೇಲಿಯ ಆಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ. ಅರವತ್ತು ವರ್ಷಕ್ಕೂ ಮೇಲ್ಪಟ್ಟು ಲೀಡ್ಸ್‌ನಲ್ಲಿರುವವರು, ಪ್ರತಿ ಬೇಸಿಗೆಯೂ ಸ್ಕಾರ್ಬರೋಗೆ ಹೋಗುತ್ತಿದ್ದೆವು ಎಂದು ಹಿಂದೊಮ್ಮೆ ಹೇಳಿದ್ದರು. ಯಾವ ಬೀದಿ ಒಳ್ಳೆಯದು, ಎಲ್ಲಿ ಉಳಿಯಬಹುದು ಅಂತ ವಿಚಾರಿಸಿದೆ.

ಅವರು ಕ್ಲಿಪ್ಪನ್ನು ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ಯೋಚಿಸಿದರು. “ಕೋಣೆಗಳ ವಿಷಯ ನನಗೆ ಗೊತ್ತಿಲ್ಲ ಮಗಳೇ. ಸ್ಕಾರ್ಬರೋದಲ್ಲಿ ನನಗೆ ಚೆನ್ನಾಗಿ ಗೊತ್ತಿರೋದು ಬೆಂಚು.”

ರೈಲು ನಿಲ್ದಾಣದ ಬೆಂಚು. ಒಂದೇ ಸಮನೆ 139 ಮೀಟರ್ ಉದ್ದ, ರೈಲ್ವೆ ಬೆಂಚುಗಳಲ್ಲೇ ಜಗತ್ತಿನಲ್ಲಿ ಅತಿ ಉದ್ದದ್ದು ಎಂದು ಹೆಸರಾದದ್ದು. ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹಿಂತಿರುಗುವ ಸಾವಿರಾರು ಜನ ಕೂರುತ್ತಿದ್ದ ಜಾಗ. ಅಜ್ಜಿ, ಅವರ ಗಂಡ, ಮೂವರು ಮಕ್ಕಳು ಇಪ್ಪತ್ತಕ್ಕೂ ಹೆಚ್ಚು ಬೇಸಿಗೆ ಆ ಬೆಂಚಿನ ಮೇಲೆ ಕೂತು, ಕಾಲಿಗೆ ಅಂಟಿದ ಮರಳು ಕೊಡವಿಕೊಂಡು, ಕತ್ತಲಾಗುವ ಮುಂಚೆ ಲೀಡ್ಸ್‌ಗೆ ವಾಪಸಾಗಿದ್ದರು. ಒಂದು ರಾತ್ರಿಯೂ ಉಳಿದಿರಲಿಲ್ಲ.

ಅಜ್ಜಿ ವೆಸ್ಟ್ ಇಂಡೀಸ್‌ನ ಸೇಂಟ್ ಕಿಟ್ಸ್ ದ್ವೀಪದವರು. 1961ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ ಹಡಗಿನಲ್ಲಿ ಬಂದು ಇಲ್ಲಿನ ಸೂಟು ಹೊಲಿಯುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದರು. ಮೂರು ವರ್ಷದ ಮೇಲೆ ಮದುವೆಯಾಯಿತು. ಮೊದಲ ರಜೆಗೆ ಇಬ್ಬರೂ ಒಂದು ಸೂಟ್‌ಕೇಸ್ ಹಿಡಿದು ಸ್ಕಾರ್ಬರೋಗೆ ಹೋದರು. ಕಿಟಕಿಯಲ್ಲಿ ‘ಕೋಣೆ ಖಾಲಿ ಇದೆ’ ಎಂಬ ಹಲಗೆ ಇದ್ದ ಮನೆಯ ಬಾಗಿಲು ತಟ್ಟಿದರು. ಬಾಗಿಲು ತೆರೆದ ಹೆಂಗಸು ಒರಟಾಗಿ ಏನೂ ಮಾತಾಡಲಿಲ್ಲ. ಈಗಷ್ಟೇ ತುಂಬಿಹೋಯಿತು, ಹಲಗೆ ತೆಗೆಯುವುದು ಮರೆತೆ ಅಂದಳು. ಎರಡನೇ ಮನೆಯಲ್ಲೂ ಅದೇ ಮಾತು. ಮೂರನೆಯವಳು ನಿಜ ಹೇಳಿದಳು: “ನನ್ನದೇನೂ ಅಭ್ಯಂತರ ಇಲ್ಲಮ್ಮ, ಆದರೆ ಇದು ನನ್ನ ಮನೆ, ಬೇರೆ ಗಿರಾಕಿಗಳು ಏನಂತಾರೆ?”

“ನಾಲ್ಕನೇ ಬಾಗಿಲು ತಟ್ಟಲಿಲ್ಲ” ಅಂದರು ಅಜ್ಜಿ. “ಅವರು ಹೇಳೋ ಮುಂಚೆ ನಾವೇ ಹೊರಟುಬಿಟ್ಟರೆ ಅಷ್ಟು ನೋವಾಗಲ್ಲ.” ಅವತ್ತು ಬೆಂಚಿನ ಮೇಲೆ ಸೂಟ್‌ಕೇಸ್ ಇಟ್ಟುಕೊಂಡು ಕೂತರು. ಮುಂದಿನ ವರ್ಷದಿಂದ ಸೂಟ್‌ಕೇಸ್ ತೆಗೆದುಕೊಂಡು ಹೋಗಲಿಲ್ಲ.

ನನಗೆ ಮಾತು ಹೊರಡಲಿಲ್ಲ. ಆ ದ್ವೀಪದಲ್ಲಿ ಯಾವ ಕಡೆ ಹೊರಟರೂ ಸ್ವಲ್ಪ ಹೊತ್ತಿಗೆ ಸಮುದ್ರ ಸಿಗುತ್ತದೆ. ಅಲೆಯ ಸದ್ದಿನಲ್ಲೇ ನಿದ್ದೆ ಹೋಗಿ ಬೆಳೆದ ಹುಡುಗಿ ಈ ದೇಶಕ್ಕೆ ಬಂದ ಮೇಲೆ ರಾತ್ರಿಯ ಸಮುದ್ರವನ್ನೇ ಕೇಳಲಿಲ್ಲ.

ಆ ರಾತ್ರಿ ಕೋಣೆ ಹುಡುಕುವುದು ಬಿಟ್ಟು ಹಳೆಯ ಕಾನೂನು ಓದುತ್ತಾ ಕೂತೆ. ಕ್ರಿಕೆಟ್ ಬಲ್ಲವರಿಗೆ ಲಿಯರಿ ಕಾನ್‌ಸ್ಟಂಟೈನ್ ಹೆಸರು ಗೊತ್ತಿರುತ್ತದೆ, ವೆಸ್ಟ್ ಇಂಡೀಸ್‌ನ ದೊಡ್ಡ ಆಟಗಾರ. 1943ರಲ್ಲಿ ಲಂಡನ್ನಿನ ಹೋಟೆಲೊಂದರಲ್ಲಿ ನಾಲ್ಕು ರಾತ್ರಿಗೆ ಕೋಣೆ ಕಾದಿರಿಸಿ ಕುಟುಂಬದೊಡನೆ ಹೋದಾಗ, ಒಂದೇ ರಾತ್ರಿ ಇರಬಹುದು ಅಂದರು. ಅವರು ಕೋರ್ಟಿಗೆ ಹೋದರು, ಮರುವರ್ಷ ಗೆದ್ದರು, ಐದು ಗಿನಿ (ಐದು ಪೌಂಡು ಚಿಲ್ಲರೆ) ಪರಿಹಾರ ಸಿಕ್ಕಿತು. ಗೆದ್ದದ್ದು ವರ್ಣಭೇದದ ವಿರುದ್ಧದ ಕಾನೂನಿನಿಂದಲ್ಲ, ಅಂಥ ಕಾನೂನೇ ಆಗ ಇರಲಿಲ್ಲ. ದಾರಿಹೋಕ ಬಂದರೆ ಛತ್ರದವನು ಸಕಾರಣವಿಲ್ಲದೆ ಇಲ್ಲ ಎನ್ನಬಾರದು ಎಂಬ ಶತಮಾನಗಳ ಹಿಂದಿನ ಇಂಗ್ಲಿಷ್ ಕಟ್ಟಳೆಯಿಂದ. ಆ ಕಟ್ಟಳೆ ಹೋಟೆಲಿಗೆ ಅನ್ವಯ, ಮನೆಯಲ್ಲಿ ಕೋಣೆ ಕೊಡುವವರಿಗಲ್ಲ. 1965ರಲ್ಲಿ ಮೊದಲ ಜನಾಂಗ ಸಂಬಂಧ ಕಾಯಿದೆ ಬಂದಾಗಲೂ ಹೋಟೆಲು, ಪಬ್ಬು, ಬಸ್ಸು ಅದರೊಳಗೆ ಬಂದವು, ಖಾಸಗಿ ಬೋರ್ಡಿಂಗ್ ಹೌಸುಗಳು ಹೊರಗೇ ಉಳಿದವು. ಅಂದರೆ ಅಜ್ಜಿ ತಟ್ಟಿದ ಮೂರೂ ಬಾಗಿಲು. ಮನೆ ಬಾಡಿಗೆ, ಕೆಲಸ ಮುಂತಾದವು ಕಾನೂನಿನ ಒಳಗೆ ಬಂದದ್ದು 1968ರಲ್ಲಿ. ‘ಇದು ನನ್ನ ಮನೆ’ ಎಂಬ ಮಾತು ಆಮೇಲೂ ಸಾಯಲಿಲ್ಲ. 2008ರಲ್ಲಿ ಕಾರ್ನ್‌ವಾಲ್ ಕರಾವಳಿಯ ಮರಾಜಿಯನ್‌ನಲ್ಲಿ ಗೆಸ್ಟ್‌ಹೌಸ್ ನಡೆಸುತ್ತಿದ್ದ ದಂಪತಿ ಇಬ್ಬರು ಗಂಡಸರ ಜೋಡಿಗೆ ಕೋಣೆ ನಿರಾಕರಿಸಿದರು. ಅದು ತಪ್ಪು ಎಂದು ಇಲ್ಲಿನ ಸುಪ್ರೀಂ ಕೋರ್ಟ್ 2013ರಲ್ಲಿ ಕೊನೆಯ ಮಾತು ಹೇಳಿತು.

ಓದುತ್ತಾ ಓದುತ್ತಾ ನನ್ನೊಳಗೆ ಒಂದು ಹೆಮ್ಮೆ ಎದ್ದಿತು, ಮುಚ್ಚಿಡುವುದಿಲ್ಲ. ನಮ್ಮ ಸಂವಿಧಾನದ 15ನೇ ವಿಧಿಯನ್ನು ತೆಗೆದು ನೋಡಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಆಧಾರದಲ್ಲಿ ಅಂಗಡಿ, ಉಪಾಹಾರಗೃಹ, ಹೋಟೆಲುಗಳಿಗೆ ಯಾರನ್ನೂ ಬರಬೇಡ ಎನ್ನುವಂತಿಲ್ಲ ಎಂದು ಅದರಲ್ಲಿದೆ. ಹೋಟೆಲ್ ಎಂಬ ಪದವೇ ಇದೆ. ಅದು 1950. ಬಾಗಿಲಲ್ಲಿ ತಡೆಯುವುದು ಏನೆಂದು ಸ್ವತಃ ಬಲ್ಲ ಅಂಬೇಡ್ಕರ್ ಅವರಂಥವರು ಕೂತು ರೂಪಿಸಿದ್ದು. ಬ್ರಿಟನ್ ಅದೇ ದಾರಿಗೆ ಬರಲು ಇನ್ನೂ ಹದಿನೈದು ವರ್ಷ ಬೇಕಾಯಿತು. ಬೆಳಿಗ್ಗೆ ಎದ್ದ ತಕ್ಷಣ ಅಜ್ಜಿಗೆ ಇದನ್ನು ಹೇಳಬೇಕು ಅಂದುಕೊಂಡೇ ಮಲಗಿದೆ.

ಬೆಳಿಗ್ಗೆ ಹೇಳಲಾಗಲಿಲ್ಲ. ನಿದ್ದೆಯ ನಡುವೆ ಎಲ್ಲೋ ಬಿಳಿ ಅಂಬಾಸಿಡರ್ ನೆನಪಾಗಿತ್ತು.

1991ರ ದಸರಾ ರಜೆ. ನನಗೆ ಒಂಬತ್ತು ವರ್ಷ. ಅರಸೀಕೆರೆಯಿಂದ ಬಾಡಿಗೆ ಕಾರು ಮಾಡಿಕೊಂಡು ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಇಳಿದು ಮಂಗಳೂರು, ಉಡುಪಿ. ಜೀವನದಲ್ಲಿ ಮೊದಲ ಸಲ ಸಮುದ್ರ ನೋಡಿದ್ದು. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಡ್ರೈವರ್ ಅಣ್ಣ ಅಲ್ಲಿ ಕಾರು ನಿಲ್ಲಿಸಿ, “ಈ ಕಡೆ ನೀರು ಸಪ್ಪೆ, ಆ ಕಡೆ ಉಪ್ಪು, ಎರಡನ್ನೂ ನಾಲಿಗೆಗೆ ಮುಟ್ಟಿಸಿ ನೋಡಮ್ಮಿ” ಅಂದಿದ್ದ. ಅಪ್ಪ ಅಮ್ಮ ಕಾರಿನ ನೆರಳಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದರು. ನನ್ನ ಕೈಹಿಡಿದು ನೀರಿನವರೆಗೆ ಕರೆದುಕೊಂಡು ಹೋದವನು ಅವನೇ.

ಸಂಜೆ ಹತ್ತಿರದ ದೇವಸ್ಥಾನದ ಊರೊಂದರಲ್ಲಿ ಉಳಿಯಲು ಜಾಗ ಹುಡುಕಿದೆವು. ತೆಂಗಿನ ತೋಟದ ಒಳಗೆ ಒಂದು ಹೆಂಚಿನ ಮನೆ, ಯಾತ್ರಿಕರಿಗೆ ಕೋಣೆ ಕೊಡುತ್ತಿದ್ದರು. ಜಗಲಿಯ ಮೇಲೆ ಕೂತಿದ್ದ ಯಜಮಾನರು ಯಾವ ಊರು ಅಂತ ಕೇಳಿದರು. ಆಮೇಲೆ, ಸಹಜವಾಗಿ, “ಯಾವ ಜನ?” ಅಂದರು. ಅಪ್ಪ ಹೇಳಿದರು. “ಓ, ಹಾಗಾದ್ರೆ ನಮ್ಮವರೇ. ಬನ್ನಿ ಬನ್ನಿ” ಅಂತ ಎದ್ದೇ ನಿಂತರು. ಕೆಂಪು ಗಾರೆಯ ನೆಲ, ದಪ್ಪ ಕಂಬಳಿ, ಕಿಟಕಿಯಾಚೆ ತೋಟ ದಾಟಿ ಬರುವ ಅಲೆಯ ಮೊರೆತ. ಅಂಥ ಕೋಣೆ ನನಗೆ ಮತ್ತೆ ಎಲ್ಲೂ ಸಿಕ್ಕಿಲ್ಲ. ಇಷ್ಟು ವರ್ಷ ಯಾವ ದೇಶದಲ್ಲಿ ಕೋಣೆ ಹುಡುಕುವಾಗಲೂ ನಾನು ಹುಡುಕುತ್ತಿದ್ದದ್ದು ಅದನ್ನೇ ಇರಬೇಕು.

ಡ್ರೈವರ್ ಅಣ್ಣ ಚೀಲಗಳನ್ನು ಜಗಲಿಯವರೆಗೆ ತಂದಿಟ್ಟ. ಮೆಟ್ಟಿಲು ಹತ್ತಲಿಲ್ಲ. ಯಜಮಾನರು ಅವನನ್ನು ನೋಡುವ ಮುಂಚೆಯೇ, “ನಾನು ಗಾಡೀಲೇ ಮಲಗ್ತೀನಿ ಸಾರ್” ಅಂದ. ರಾತ್ರಿ ನಮಗೆ ಒಳಗೆ ಎಲೆ ಹಾಕಿದರು. ಅವನ ಎಲೆ ಅಂಗಳಕ್ಕೆ ಹೋಯಿತು. ಉಂಡ ಮೇಲೆ ಎಲೆ ಎತ್ತಿ ಜಾಗ ತೊಳೆದದ್ದೂ ಅವನೇ. ಯಾರೂ ಗದರಲಿಲ್ಲ, ಯಾರೂ ಬೇಡ ಅನ್ನಲಿಲ್ಲ, ಏನೂ ನಡೆಯಲಿಲ್ಲ. ಅದಕ್ಕೇ ನನಗೆ ಮೂವತ್ತು ವರ್ಷ ಅದು ನೆನಪೇ ಆಗಿರಲಿಲ್ಲ.

ಇದೇ ಡಿಸೆಂಬರಿನಲ್ಲಿ ನಾವು ಊರಿಗೆ ಹೋಗುವವರಿದ್ದೇವೆ. ಕುಂದಾಪುರದ ಆಸುಪಾಸು ಎರಡು ದಿನ ಉಳಿಯೋಣ ಅಂತ ನನ್ನ ತಮ್ಮ ಹೋಂಸ್ಟೇಗಳಿಗೆ ಫೋನ್ ಮಾಡುತ್ತಿದ್ದಾನೆ. ಒಂದು ಕಡೆ ಬಾಡಿಗೆ ಹೇಳುವ ಮುಂಚೆ ಮೂರು ಪ್ರಶ್ನೆ: ವೆಜ್ಜಾ, ಫ್ಯಾಮಿಲಿನಾ, ನಿಮ್ಮವರ ಪೂರ್ತಿ ಹೆಸರೇನು. ಪೂರ್ತಿ ಹೆಸರು ಯಾಕೆ ಅಂತ ನಾನು ಕೇಳಿದೆ. “ಅವರ ಮನೆ, ಅವರಿಷ್ಟ ಕಣೇ. ಬೇರೆ ಗೆಸ್ಟುಗಳೂ ಇರ್ತಾರಲ್ಲ” ಅಂದ. ಅವನು ಒಳ್ಳೆಯ ಹುಡುಗ, ಯಾರ ಮನಸ್ಸನ್ನೂ ನೋಯಿಸುವವನಲ್ಲ. ಸ್ಕಾರ್ಬರೋದ ಮೂರನೇ ಬಾಗಿಲಿನ ಹೆಂಗಸೂ ಬಹುಶಃ ಒಳ್ಳೆಯವಳೇ ಇದ್ದಳು. ಆ ಹೋಂಸ್ಟೇ ಬೇಡ ಎಂದು ನಾನು ಹೇಳಿದ್ದೇನೆ. ತಮ್ಮನಿಗೆ ಬೇಜಾರಾಗಿದೆ, ಅಲ್ಲಿಂದ ಸಮುದ್ರ ಚೆನ್ನಾಗಿ ಕಾಣುತ್ತದಂತೆ.

ನಾವು ಆಗಸ್ಟಿನಲ್ಲಿ ಹೋಗಿಬಂದೆವು. ಕೊನೆಗೆ ಆರಿಸಿದ್ದು ಉತ್ತರದ ಕೊಲ್ಲಿಯ ಪಕ್ಕದ ಸಣ್ಣ ಗೆಸ್ಟ್‌ಹೌಸು, ನೆಲಮಹಡಿಯ ಎರಡು ಕೋಣೆ. ಎರಡನೆಯದನ್ನು ಅಜ್ಜಿಗೆಂದು ಕೇಳಿಟ್ಟಿದ್ದೆ, ಹೊರಡುವ ಎರಡು ವಾರದ ಮುಂಚೆ ಕರೆದೆ. ಅವರಿಗೆ ಖುಷಿಯಾಯಿತು, ನನ್ನ ಕೆನ್ನೆ ಸವರಿದರು, ಬರಲಿಲ್ಲ. “ರಾತ್ರಿ ಉಳಿಯೋ ಅಭ್ಯಾಸ ಆಗಲೇ ಇಲ್ಲ, ಈಗ ನಿದ್ದೆ ಬರಲ್ಲ. ನೀನು ಬೆಂಚಿನ ಮೇಲೆ ಒಂದು ಸಲ ಕೂತು ಬಾ.”

ಗೆಸ್ಟ್‌ಹೌಸಿನಾಕೆ ಒಂದು ಪುಸ್ತಕ ಮುಂದಿಟ್ಟಳು. ಹೆಸರು, ರಾಷ್ಟ್ರೀಯತೆ. ಹದಿನಾರು ತುಂಬಿದ ಅತಿಥಿಗಳ ಈ ಎರಡು ವಿವರ ಬರೆದಿಡಬೇಕೆಂದು 1972ರ ಆದೇಶವೊಂದಿದೆ. ಭಾರತೀಯ ಎಂದು ಬರೆದೆ. ಆಮೇಲೆ ಅವಳು ಕೇಳಿದ್ದು ಎರಡೇ: ಬೆಳಿಗ್ಗೆ ತಿಂಡಿ ಎಷ್ಟು ಗಂಟೆಗೆ, ಯಾವುದಾದರೂ ಆಹಾರ ಮೈಗೆ ಒಗ್ಗುವುದಿಲ್ಲವೇ. ನಮ್ಮ ಹಾಗೆ ಕಾಣುವವರಿಗೆ ಇಂಥ ಪುಸ್ತಕ ಇಷ್ಟು ಸುಲಭವಾಗಿ ಮುಂದೆ ಬರುವುದಕ್ಕೆ ಯಾರು ಯಾರು ಎಷ್ಟು ಬಾಗಿಲು ತಟ್ಟಿದ್ದಾರೋ ಎಂದು ಪೆನ್ನು ಹಿಡಿದಾಗ ಕೈ ಭಾರವಾಯಿತು.

ವಾಪಸು ಬರುವ ದಿನ ನಿಲ್ದಾಣದಲ್ಲಿ ಮಗಳು ಬೆಂಚಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಜ್ಜೆ ಎಣಿಸುತ್ತಾ ಓಡಿದಳು. ಇನ್ನೂರ ಹನ್ನೊಂದು. ನಾನು ನಡುವೆ ಎಲ್ಲೋ ಕೂತು, ಫೋಟೋ ತೆಗೆದು, ಸಂಜೆ ಅಜ್ಜಿಗೆ ತೋರಿಸಿದೆ. ಅವರು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ ತುಂಬ ಹೊತ್ತು ನೋಡಿದರು.

ಮೊನ್ನೆ ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ ಡ್ರೈವರ್ ಅಣ್ಣನ ಹೆಸರೇನು ಎಂದು ಕೇಳಿದೆ. ಅಪ್ಪನಿಗೆ ಗೊತ್ತಿರುತ್ತಿತ್ತು, ಅವರು ಈಗಿಲ್ಲ. ಅಮ್ಮನಿಗೆ ನೆನಪಿರಲಿಲ್ಲ. ಯಾಕೆ ಇದ್ದಕ್ಕಿದ್ದಂತೆ ಅಂದರು. ಅವನು ಅವತ್ತು ರಾತ್ರಿ ಕಾರಲ್ಲಿ ಮಲಗಿದ್ದನಲ್ಲ ಅಂದೆ.

“ಹೂಂ, ಅವನಿಗೆ ಅದೇ ಇಷ್ಟ ಇತ್ತು” ಅಂದರು ಅಮ್ಮ. “ಕಿಟಕಿ ಇಳಿಸಿಕೊಂಡು ಹಾಯಾಗಿ ಸಮುದ್ರದ ಗಾಳಿಗೆ ಮಲಗಿದ್ದ.”

ನಾನು ಏನೂ ಹೇಳಲಿಲ್ಲ. ಅವತ್ತು ರಾತ್ರಿಯಿಡೀ ಮಳೆ ಸುರಿಯುತ್ತಿತ್ತು. ಬೆಳಿಗ್ಗೆ ನಾನೇ ಹೋಗಿ ಕಾರಿನ ಗಾಜು ತಟ್ಟಿ ಅವನನ್ನು ಎಬ್ಬಿಸಿದ್ದೆ. ಗಾಜು ಪೂರ್ತಿ ಏರಿಸಿತ್ತು, ಒಳಗೆಲ್ಲ ಮಂಜು ಕಟ್ಟಿತ್ತು.