ಅರ್ಜಿ ನಮೂನೆಯ ಮೂರನೆಯ ಸಾಲು

ಸಮುದಾಯ ಕಲಾ ಗ್ಯಾಲರಿಯೊಂದರಲ್ಲಿ ಪ್ರದರ್ಶನಗಳ ಉಸ್ತುವಾರಿ ನನ್ನದು. ಅರ್ಜಿ ಕರೆಯುವುದು, ಬಂದವನ್ನು ಆಯ್ಕೆ ಸಮಿತಿಯ ಮುಂದಿಡುವುದು, ಗೋಡೆಗೆ ಮೊಳೆ ಹೊಡೆಯುವುದು, ಏಣಿ ಹತ್ತಿ ದೀಪ ತಿರುಗಿಸುವುದು, ಉದ್ಘಾಟನೆಯ ದಿನ ಮೈಕ್ ಕೈಕೊಟ್ಟರೆ ತಟ್ಟಿ ಎಬ್ಬಿಸುವುದು ಎಲ್ಲವೂ ಈ ಉಸ್ತುವಾರಿಯೊಳಗೇ ಬರುತ್ತವೆ. ನಮ್ಮದು ಚಿತ್ರ ಮಾರಿ ಬದುಕುವ ಗ್ಯಾಲರಿಯಲ್ಲ. ಎರಡು ಕೋಣೆ, ಒಂದು ಪಡಸಾಲೆ, ವರ್ಷಕ್ಕೆ ಏಳೆಂಟು ಪ್ರದರ್ಶನ. ಅವುಗಳಲ್ಲಿ ಒಂದು ಉದಯೋನ್ಮುಖ ಕಲಾವಿದರ ವಾರ್ಷಿಕ ಗುಂಪು ಪ್ರದರ್ಶನ. ನಾನು ಕೆಲಸ ಕಲಿತದ್ದು ಅದರಿಂದ. ಹೆಚ್ಚಿನ ಪಾಠಗಳೂ ನಾನೇ ಮಾಡಿದ ತಪ್ಪುಗಳು.

ಮೊದಲ ವರ್ಷ ಅರ್ಜಿ ನಮೂನೆ ಬರೆದವಳು ನಾನು. ಮೊದಲ ಸಾಲು ಹೆಸರು, ಎರಡನೆಯದು ವಿಳಾಸ, ಮೂರನೆಯದು 'ವಯಸ್ಸು: 35 ಮೀರಿರಬಾರದು'. ಯಾಕೆ 35 ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಬೇರೆಯವರ ಪ್ರಕಟಣೆಗಳಲ್ಲಿ ಹಾಗಿತ್ತು, ನಾನೂ ಹಾಗೆಯೇ ಇಳಿಸಿಕೊಂಡೆ. ಪ್ರಕಟಣೆ ಹೊರಬಿದ್ದ ಮೂರನೆಯ ದಿನ ಒಬ್ಬ ನಿವೃತ್ತ ಶಿಕ್ಷಕಿ ಫೋನ್ ಮಾಡಿದರು.

"ಅಲ್ಲಮ್ಮಾ, ನಾನು ಕುಂಚ ಹಿಡಿದು ನಾಲ್ಕೇ ವರ್ಷ ಆಯಿತು. ನಿಮ್ಮ ಲೆಕ್ಕದಲ್ಲಿ ನಾನು ಉದಯಿಸುವ ಮೊದಲೇ ಮುಳುಗಿಬಿಟ್ಟೆನೇ?"

ನಿಯಮ ಹಾಗಿದೆ ಎಂದೆ. ನಿಯಮ ಮಾಡಿದವರು ಯಾರು ಎಂದು ಕೇಳಿದರು. ನಾನೇ ಎನ್ನಲು ನಾಲಿಗೆ ಏಳಲಿಲ್ಲ. "ಸಮಿತಿ" ಎಂದು ಸುಳ್ಳು ಹೇಳಿದೆ. ಅವರು ಸಿಟ್ಟಾಗದೆ ಫೋನಿಟ್ಟರು. ಬೈದಿದ್ದರೆ ಬಹುಶಃ ನಾನು ಅದನ್ನು ಅಂದೇ ಮರೆತುಬಿಡುತ್ತಿದ್ದೆ.

ಮರುವರ್ಷ ಆ ಸಾಲನ್ನು ತೆಗೆದೆ. ಅದರ ಜಾಗದಲ್ಲಿ 'ಈವರೆಗೆ ಏಕವ್ಯಕ್ತಿ ಪ್ರದರ್ಶನ ಮಾಡಿರಬಾರದು' ಎಂದು ಬರೆದೆ. ಅದೂ ಎಡವಿತು. ಯುವಕನೊಬ್ಬ ಎರಡು ದಿನಕ್ಕೆ ಸಭಾಂಗಣ ಬಾಡಿಗೆ ಹಿಡಿದು, ನೆಂಟರಿಷ್ಟರನ್ನು ಕರೆದು, ಕೈಯಿಂದ ಖರ್ಚು ಮಾಡಿ ಪ್ರದರ್ಶನ ಇಟ್ಟಿದ್ದ. ಅದನ್ನು ಪ್ರಾಮಾಣಿಕವಾಗಿ ಅರ್ಜಿಯಲ್ಲಿ ನಮೂದಿಸಿದ. ನಿಯಮದ ಪ್ರಕಾರ ಅವನನ್ನು ಹೊರಗಿಡಬೇಕಿತ್ತು, ಬರೆಯದೆ ಮುಚ್ಚಿಟ್ಟವರು ಒಳಗೆ ಬರುತ್ತಿದ್ದರು. ಈಗಿನ ನಮೂನೆಯಲ್ಲಿ ಬಾಡಿಗೆ ಸಭಾಂಗಣದ ಪ್ರದರ್ಶನ ಲೆಕ್ಕಕ್ಕಿಲ್ಲ ಎಂದು ಸ್ಪಷ್ಟವಾಗಿದೆ. ಮೂರನೆಯ ಸಾಲನ್ನು ಒಟ್ಟು ನಾಲ್ಕು ಸಲ ತಿದ್ದಿದ್ದೇನೆ, ಇನ್ನೂ ತೃಪ್ತಿಯಿಲ್ಲ.

ಬಾಗಿಲ ಬಳಿಯ ಈ ಜಗಳ ಹಳೆಯದು. 1863ರಲ್ಲಿ ಪ್ಯಾರಿಸ್ಸಿನ ಅಧಿಕೃತ ಪ್ರದರ್ಶನದ ತೀರ್ಪುಗಾರರು ಬಂದ ಕೃತಿಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ವಾಪಸು ಕಳಿಸಿದಾಗ ಗಲಾಟೆ ಎಷ್ಟಾಯಿತೆಂದರೆ, ಮೂರನೆಯ ನೆಪೋಲಿಯನ್ ತಿರಸ್ಕೃತರಿಗೇ ಬೇರೆ ಪ್ರದರ್ಶನ ಏರ್ಪಡಿಸಲು ಹೇಳಬೇಕಾಯಿತು. ಚಿತ್ರಕಾರ ಮಾನೆಯ ಹುಲ್ಲುಹಾಸಿನ ಊಟದ ಚಿತ್ರವನ್ನು ಜನ ನೋಡಿ ನಕ್ಕದ್ದು ಅಲ್ಲಿಯೇ. 1884ರಲ್ಲಿ ಸೆರಾ, ಸಿನ್ಯಾಕ್ ಮೊದಲಾದ ಚಿತ್ರಕಾರರು ತೀರ್ಪುಗಾರರೂ ಬೇಡ, ಬಹುಮಾನವೂ ಬೇಡ ಎಂದು ತಮ್ಮದೇ ಸಂಘ ಕಟ್ಟಿಕೊಂಡರು. ಅದೇ ಮಾದರಿಯಲ್ಲಿ 1917ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಪ್ರದರ್ಶನಕ್ಕೆ ಆರು ಡಾಲರ್ ಕಟ್ಟಿದ ಯಾರು ಬೇಕಾದರೂ ಕೃತಿ ಕಳಿಸಬಹುದಿತ್ತು. ಕೃತಿಗಳನ್ನು ಅಕ್ಷರಾನುಕ್ರಮದಲ್ಲಿ ತೂಗುಹಾಕಿದ್ದರು. ಮೂತ್ರದ ಬೋಗುಣಿಯೊಂದು ಸಹಿ ಹೊತ್ತು ಬಂದಾಗ ಮಾತ್ರ ಅದನ್ನು ಇಡಲು ಒಪ್ಪಲಿಲ್ಲ. ಅದನ್ನು ಬೇರೆ ಹೆಸರಿನಲ್ಲಿ ಕಳಿಸಿದ್ದ ಕಲಾವಿದ ಡ್ಯೂಶಾಂಪ್ ಆ ಸಂಘದ ನಿರ್ದೇಶಕರಲ್ಲೊಬ್ಬ, ರಾಜೀನಾಮೆ ಕೊಟ್ಟು ಹೊರನಡೆದ. ತೀರ್ಪುಗಾರರನ್ನೇ ಕೈಬಿಟ್ಟರೆ ಹೇಗೆ ಎಂಬ ಸಲಹೆ ನಮ್ಮ ಸಭೆಯಲ್ಲಿ ಪ್ರತಿ ವರ್ಷ ಬರುತ್ತದೆ. ನಾನು ಪ್ರತಿ ವರ್ಷ ಈ ಬೋಗುಣಿಯ ಕಥೆ ಹೇಳುತ್ತೇನೆ. ಎಲ್ಲರಿಗೂ ಬಾಯಿಪಾಠವಾಗಿದೆ.

ನನ್ನ ಮಟ್ಟಿಗೆ ತೀರ್ಪುಗಾರರು ಅಷ್ಟು ದೊಡ್ಡ ತೊಡಕೇ ಅಲ್ಲ. ಅರ್ಜಿ ಅವರ ಮೇಜಿಗೆ ಬರುವ ಮೊದಲೇ ಅರ್ಧ ಜನ ಉದುರಿಹೋಗಿರುತ್ತಾರೆ. ಸಮಿತಿ ನೋಡುವುದು ಚಿತ್ರವನ್ನಲ್ಲ, ಚಿತ್ರದ ಫೋಟೋವನ್ನು. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ, ಮಂಚದ ಮೇಲೆ ಒರಗಿಸಿ, ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಳ್ಳೆಯ ತೈಲವರ್ಣವೂ ಒದ್ದೆ ಹಲಗೆಯಂತೆ ಕಾಣುತ್ತದೆ. ಒಳ್ಳೆಯ ಕ್ಯಾಮೆರಾ ಇದ್ದವರ ಸಾಧಾರಣ ಚಿತ್ರ ಗೆದ್ದುಬಿಡುತ್ತದೆ. ಮೂರು ವರ್ಷ ನಾವು ಆರಿಸಿದ್ದು ಬಹುಮಟ್ಟಿಗೆ ಒಳ್ಳೆಯ ಫೋಟೋಗಳನ್ನು.

ಇದು ನನಗೆ ಮನದಟ್ಟಾದದ್ದು ಒಂದು ಲಕೋಟೆಯಿಂದ. ಸಮಿತಿಯ ಐವರೂ ಒಮ್ಮತದಿಂದ ಮೆಚ್ಚಿದ ಕಪ್ಪು-ಬಿಳುಪಿನ ಭೂದೃಶ್ಯವೊಂದಿತ್ತು. ಮೋಡ ಕವಿದ ಬಯಲು, ದೂರದಲ್ಲಿ ಒಂದೇ ಮರ. ಪರದೆಯ ಮೇಲೆ ಅದು ಗೋಡೆಯನ್ನೇ ತುಂಬುವಂತೆ ಕಂಡಿತು. ಬಾಗಿಲೆದುರಿನ ಗೋಡೆಯನ್ನು ಅದಕ್ಕೆಂದೇ ಖಾಲಿ ಬಿಟ್ಟೆ. ಕೃತಿ ಒಪ್ಪಿಸುವ ದಿನ ಕಲಾವಿದೆ ಬಂದು ಕೈಚೀಲದಿಂದ ಒಂದು ಲಕೋಟೆ ತೆಗೆದರು. ಹನ್ನೊಂದು ಸೆಂಟಿಮೀಟರ್ ಎತ್ತರ, ಹದಿನೈದು ಅಗಲದ ಎಚಿಂಗ್, ಅಂದರೆ ಲೋಹದ ಹಾಳೆಯಲ್ಲಿ ಆಮ್ಲದಿಂದ ಗೆರೆ ಕೊರೆದು ಅಚ್ಚೊತ್ತಿದ ಚಿತ್ರ. ಅಳತೆಯನ್ನು ಅವರು ಅರ್ಜಿಯಲ್ಲಿ ಸರಿಯಾಗಿಯೇ ಬರೆದಿದ್ದರು, ಓದದೇ ಇದ್ದದ್ದು ನಾವು. ಆ ಗೋಡೆಯ ಮೇಲೆ ಅದನ್ನು ಒಂಟಿಯಾಗಿಯೇ ತೂಗುಹಾಕಿದೆವು. ಜನ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಅದೃಷ್ಟಕ್ಕೆ ಚೆನ್ನಾಗಿಯೇ ಕಂಡಿತು, ಆದರೆ ಅದರ ಶ್ರೇಯಸ್ಸು ನನಗೆ ಸಲ್ಲುವುದಿಲ್ಲ.

ಅಂದಿನಿಂದ ಎರಡು ಬದಲಾವಣೆ ಮಾಡಿದೆವು. ಒಂದು, ಪ್ರತಿ ಕೃತಿಯ ಪಕ್ಕದಲ್ಲಿ ಕುರ್ಚಿ ಇಟ್ಟು ತೆಗೆದ ಇನ್ನೊಂದು ಫೋಟೋ ಕೇಳುತ್ತೇವೆ. ಅಂಕಿ ಓದದ ಕಣ್ಣಿಗೂ ಕುರ್ಚಿಯ ಅಳತೆ ಗೊತ್ತು. ಇನ್ನೊಂದು, ಅರ್ಜಿಯ ಕೊನೆಯ ದಿನಾಂಕಕ್ಕೆ ಎರಡು ವಾರ ಮೊದಲು ಗ್ಯಾಲರಿಯಲ್ಲಿ ಫೋಟೋ ದಿನ ನಡೆಸುತ್ತೇವೆ. ಯಾರು ಬೇಕಾದರೂ ಚಿತ್ರ ತರಬಹುದು, ಉತ್ತರದ ಕಿಟಕಿಯ ಬೆಳಕಿನಲ್ಲಿ ಟ್ರೈಪಾಡ್ ಇಟ್ಟು ನಾವೇ ತೆಗೆದುಕೊಡುತ್ತೇವೆ, ಉಚಿತವಾಗಿ. ಮೊದಲ ಫೋಟೋ ದಿನಕ್ಕೆ ಬಂದವರಲ್ಲಿ ಹೆಚ್ಚಿನವರು ಅದಕ್ಕೂ ಮೊದಲು ಎಲ್ಲಿಗೂ ಅರ್ಜಿ ಹಾಕಿದವರೇ ಅಲ್ಲ. ಉದಯೋನ್ಮುಖರಿಗೆ ಅವಕಾಶ ಎಂದು ಆಹ್ವಾನ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತಿದ್ದ ನಾವು, ಅಷ್ಟು ವರ್ಷ ಅವರನ್ನು ನೋಡಿಯೇ ಇರಲಿಲ್ಲ.

'ಕಲಾವಿದರ ಹೇಳಿಕೆ' ಎಂಬ ಇನ್ನೊಂದು ಸಾಲಿತ್ತು, 300 ಪದ. 'ನನ್ನ ಕೃತಿಗಳು ಸ್ವ ಮತ್ತು ಅನ್ಯದ ನಡುವಿನ ಅವಕಾಶವನ್ನು ಶೋಧಿಸುತ್ತವೆ' ಎಂಬ ವಾಕ್ಯವನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ, ಈಗ ನಾನೇ ಅಂಥ ನೂರು ವಾಕ್ಯ ಹೊಸೆಯಬಲ್ಲೆ. ಕಲಾಶಾಲೆಯಲ್ಲಿ ಓದಿದವರಿಗೆ ಆ ಭಾಷೆ ಬರುತ್ತದೆ, ಓದದವರು ಬೆದರಿ ಅರ್ಜಿಯನ್ನೇ ಬಿಡುತ್ತಾರೆ. ಅದನ್ನು ತೆಗೆದು ಮೂರು ಪ್ರಶ್ನೆ ಹಾಕಿದೆವು: ಏನು ಮಾಡಿದ್ದೀರಿ, ಯಾವುದರಿಂದ ಮಾಡಿದ್ದೀರಿ, ಮಾಡದೆ ಇರಲು ಯಾಕೆ ಆಗಲಿಲ್ಲ. ಒಬ್ಬರ ಉತ್ತರ ಇಷ್ಟೇ: 'ಅಪ್ಪ ಕೂಡಿಟ್ಟಿದ್ದ ರಸೀದಿಗಳ ಹಿಂಬದಿಯಲ್ಲಿ ಬರೆದ ಚಿತ್ರಗಳು. ಪೆನ್ನು. ಎಸೆಯಲು ಮನಸ್ಸು ಬರಲಿಲ್ಲ.' ಅವನ್ನು ಗೋಡೆಯ ಮೇಲಿನ ಲೇಬಲ್ಲಿಗೂ ಹಾಗೆಯೇ ಏರಿಸಿದೆವು.

ಆಯ್ಕೆಯಾದವರ ಕಷ್ಟಗಳು ಬೇರೆ. ಎಲ್ಲರಿಗೂ ಬಾಗಿಲೆದುರಿನ ಗೋಡೆಯೇ ಬೇಕು. ಹೊಸಬರ ಹಟ ಎಂದು ಬೇಸರವಾದಾಗಲೆಲ್ಲ ಹದಿನೆಂಟನೆಯ ಶತಮಾನದ ಹೆಸರಾಂತ ಇಂಗ್ಲಿಷ್ ಚಿತ್ರಕಾರ ಗೇನ್ಸ್‌ಬರೋನನ್ನು ನೆನೆಯುತ್ತೇನೆ. ಲಂಡನ್ನಿನ ರಾಯಲ್ ಅಕಾಡೆಮಿಯ ಬೇಸಿಗೆ ಪ್ರದರ್ಶನ 1769ರಿಂದ ಪ್ರತಿ ವರ್ಷ ನಡೆಯುತ್ತಿದೆ. ಆಗ ಚಿತ್ರಗಳನ್ನು ನೆಲದಿಂದ ಸೂರಿನವರೆಗೆ ಒತ್ತೊತ್ತಾಗಿ ತೂಗುಹಾಕುತ್ತಿದ್ದರು. ತಾನು ಬರೆದ ರಾಜಕುಮಾರಿಯರ ಚಿತ್ರವನ್ನು ಕೆಳಗೆ, ಹತ್ತಿರದಿಂದ ಕಾಣುವಂತೆ ಹಾಕಿರೆಂದು ಆತ 1784ರಲ್ಲಿ ಕೇಳಿದ. ಅವರು ಒಪ್ಪಲಿಲ್ಲ. ಚಿತ್ರಗಳನ್ನೆಲ್ಲ ವಾಪಸು ತರಿಸಿಕೊಂಡವನು ಮತ್ತೆಂದೂ ಅಲ್ಲಿಗೆ ಕಳಿಸಲಿಲ್ಲ. ಅಂಥವನಿಗೇ ಅಷ್ಟು ನೋವಾದರೆ, ಮೊದಲ ಸಲ ತನ್ನ ಚಿತ್ರವನ್ನು ಗೋಡೆಯ ಮೇಲೆ ನೋಡುವ ಹುಡುಗಿಗೆ ಆಗದೇ? ಈಗ ನಾನು ಗೋಡೆಯ ನಕ್ಷೆಯನ್ನು ಒಂದು ವಾರ ಮೊದಲೇ ಎಲ್ಲರಿಗೂ ಕಳಿಸುತ್ತೇನೆ, ಯಾವುದು ಎಲ್ಲಿ, ಯಾಕೆ ಎಂದು ಬರೆದು. ಚಿತ್ರದ ನಡುಭಾಗ ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ಹಾಕುವುದು ರೂಢಿ. ನಾವು ಸ್ವಲ್ಪ ತಗ್ಗಿಸುತ್ತೇವೆ. ಗಾಲಿಕುರ್ಚಿಯಲ್ಲಿ ಬರುವವರೂ ಮಕ್ಕಳೂ ನೋಡಬೇಕಲ್ಲ.

ಬೆಳಕಿನ ವಿಷಯದಲ್ಲೂ ಹೇಳದೆ ಕೆಟ್ಟೆ. ಕಾಗದದ ಮೇಲಿನ ಜಲವರ್ಣಕ್ಕೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುತ್ತಾರೆ, ಬಣ್ಣ ಮಾಸಬಾರದೆಂದು (ಲಕ್ಸ್ ಎಂದರೆ ಬೆಳಕಿನ ಪ್ರಮಾಣದ ಅಳತೆ). ತೈಲವರ್ಣ ಅದರ ನಾಲ್ಕರಷ್ಟು ತಡೆಯುತ್ತದೆ. ಅಕ್ಕಪಕ್ಕದ ಕೋಣೆಗಳಲ್ಲಿ ಎರಡೂ ಇದ್ದಾಗ, ಜಲವರ್ಣದವರು ತಮ್ಮನ್ನು ಕತ್ತಲಕೋಣೆಗೆ ತಳ್ಳಿದರೆಂದು ಉದ್ಘಾಟನೆಯ ಸಂಜೆಯೆಲ್ಲ ಮುಖ ತಿರುಗಿಸಿಕೊಂಡೇ ಇದ್ದರು. ಎರಡು ಸಾಲಿನ ಚೀಟಿ ಅಂಟಿಸಿದ್ದರೆ ಸಾಕಿತ್ತು.

ಇದಕ್ಕಿಂತ ದೊಡ್ಡ ಅನಾಹುತ ಗುಳ್ಳೆ ಪ್ಲಾಸ್ಟಿಕ್ಕಿನದು. 'ಚೆನ್ನಾಗಿ ಪ್ಯಾಕ್ ಮಾಡಿ ತನ್ನಿ' ಎಂದಷ್ಟೇ ಬರೆದಿದ್ದೆ. ಒಬ್ಬ ಹುಡುಗ ದೊಡ್ಡ ಅಕ್ರಿಲಿಕ್ ಕ್ಯಾನ್ವಾಸಿಗೆ ಅದನ್ನು ನೇರವಾಗಿ, ಗುಳ್ಳೆಗಳು ಬಣ್ಣಕ್ಕೆ ತಾಗುವಂತೆ ಸುತ್ತಿ, ಬಿಸಿಲಲ್ಲಿ ಹೊತ್ತು ತಂದ. ಅಕ್ರಿಲಿಕ್ ಬಿಸಿಗೆ ಮೆತ್ತಗಾಗುತ್ತದೆ. ಬಿಚ್ಚಿದಾಗ ಆಕಾಶದ ತುಂಬ ಸಾಲುಸಾಲು ವೃತ್ತಗಳು. ಅವನು ಏನೂ ಹೇಳಲಿಲ್ಲ, ಬೆರಳಿನಿಂದ ಒಂದು ವೃತ್ತವನ್ನು ಸವರಿ ನೋಡಿದ. ಈಗ ನಮ್ಮ ಸೂಚನಾಪತ್ರದಲ್ಲಿ ಪ್ಯಾಕಿಂಗಿಗೇ ಅರ್ಧ ಪುಟವಿದೆ: ಮೊದಲು ಗ್ಲಾಸೈನ್ ಎಂಬ ನುಣುಪು ಕಾಗದ, ಆಮೇಲೆ ಗುಳ್ಳೆಯ ಹಾಳೆ, ಗುಳ್ಳೆ ಹೊರಮುಖವಾಗಿ. ಫ್ರೇಮಿನ ಹಿಂದೆ ಗರಗಸದ ಹಲ್ಲಿನಂಥ ಕೊಕ್ಕೆ ಬೇಡ, ಮೇಲಿನಿಂದ ಮೂರನೇ ಒಂದು ಭಾಗದಲ್ಲಿ ಎರಡು ಡಿ-ರಿಂಗ್ (D ಆಕಾರದ ಲೋಹದ ಬಳೆ), ನಡುವೆ ತಂತಿ.

ಹಣದ ಮಾತಿಗೆ ಬಂದರೆ ಎಲ್ಲರೂ ನಾಚುತ್ತಾರೆ, ನಾಚಿದಷ್ಟೂ ಜಗಳ ಜಾಸ್ತಿ. ವಾಣಿಜ್ಯ ಗ್ಯಾಲರಿಗಳು ಮಾರಾಟದ ಅರ್ಧದಷ್ಟು ಕಮಿಷನ್ ಇಟ್ಟುಕೊಳ್ಳುವುದು ಸಾಮಾನ್ಯ. ನಾವು ಅಷ್ಟು ತೆಗೆದುಕೊಳ್ಳುವುದಿಲ್ಲ, ಆದರೂ ಅದನ್ನು ಅರ್ಜಿಯಲ್ಲೇ ಬರೆಯದೆ ಮಾರಾಟವಾದ ಮೇಲೆ ಹೇಳಿದ್ದು ಮೊದಲ ವರ್ಷದ ಇನ್ನೊಂದು ತಪ್ಪು. ಅರ್ಜಿ ಹಾಕುವವರಿಂದ ಪಡೆಯುತ್ತಿದ್ದ ಪ್ರವೇಶ ಶುಲ್ಕವನ್ನು ಕೈಬಿಟ್ಟೆವು. ಹೊಸ ಕಲಾವಿದರ ಸೋಲಿನಿಂದ ಗ್ಯಾಲರಿಯ ಕರೆಂಟ್ ಬಿಲ್ ಕಟ್ಟುವುದು ನನಗೆ ಸರಿಕಾಣಲಿಲ್ಲ. ಪ್ರದರ್ಶನಕ್ಕೆ ಕೊಟ್ಟವರಿಗೆ ಗೌರವಧನ ಏಕೆ, ಪ್ರಚಾರ ಸಿಗುತ್ತದಲ್ಲ ಎನ್ನುವವರು ನಮ್ಮ ಸಮಿತಿಯಲ್ಲೂ ಇದ್ದರು. ಕೆನಡಾದ ಕಲಾವಿದರು 1968ರಲ್ಲಿ ಕಾರ್‌ಫ್ಯಾಕ್ ಎಂಬ ಸಂಘ ಕಟ್ಟಿ, ಪ್ರದರ್ಶನಕ್ಕೇ ಶುಲ್ಕ ಕೇಳಿ ಪಡೆದರು. 1988ರಲ್ಲಿ ಅಲ್ಲಿನ ಹಕ್ಕುಸ್ವಾಮ್ಯ ಕಾನೂನಿಗೂ ಪ್ರದರ್ಶನದ ಹಕ್ಕು ಸೇರಿತು. ನಾವು ಕೊಡುವ ಮೊತ್ತ ಚಿಕ್ಕದು, ಒಂದು ಫ್ರೇಮಿನ ಖರ್ಚು ಹುಟ್ಟಬಹುದು, ಅಷ್ಟೇ. ಕೊಡುತ್ತೇವೆ. ಚಿತ್ರ ಮಾರಾಟವಾದರೂ ಅದರ ಹಕ್ಕುಸ್ವಾಮ್ಯ ಕಲಾವಿದರದೇ ಎಂಬ ಸಾಲನ್ನು ಒಪ್ಪಂದಕ್ಕೆ ಸೇರಿಸಿದ್ದು, ಕೊಂಡವರೊಬ್ಬರು ಚಿತ್ರವನ್ನು ಕ್ಯಾಲೆಂಡರ್ ಮಾಡಿ ಹಂಚಿದ ಮೇಲೆ.

ಆ ಶಿಕ್ಷಕಿಯ ವಿಷಯ ಅರ್ಧಕ್ಕೇ ನಿಂತಿತು. ವಯಸ್ಸಿನ ಸಾಲು ತೆಗೆದ ವರ್ಷ ನಾನೇ ಫೋನ್ ಮಾಡಿ ತಿಳಿಸಿದೆ. ಅರ್ಜಿ ಹಾಕಿದರು. ಸಮಿತಿ ಆರಿಸಲಿಲ್ಲ. ಆಗೆಲ್ಲ ನಾವು ತಿರಸ್ಕೃತರಿಗೆ ಕಳಿಸುತ್ತಿದ್ದುದು ಅಚ್ಚು ಹಾಕಿಸಿದ ಒಂದೇ ಪತ್ರ, 'ಸ್ಪರ್ಧೆ ತೀವ್ರವಾಗಿದ್ದ ಕಾರಣ' ಎಂದು ಶುರುವಾಗುವಂಥದ್ದು. ಅವರಿಗೆ ಅದನ್ನು ಕಳಿಸಲು ಕೈ ಬರಲಿಲ್ಲ. ಸಮಿತಿಯ ಟಿಪ್ಪಣಿ ಹುಡುಕಿ ಬರೆದೆ: ಐದು ಚಿತ್ರಗಳನ್ನು ಐದು ಜನ ಬರೆದಂತಿದೆ, ಬಾವಿಕಟ್ಟೆಯ ಚಿತ್ರದ ದಾರಿಯಲ್ಲಿ ಇನ್ನಷ್ಟು ನೋಡಲು ಆಸೆಯಿದೆ. ಎರಡು ದಿನ ಬಿಟ್ಟು ಫೋನ್ ಬಂತು.

"ಈ ಸಲ ವಯಸ್ಸಿನ ಕಾರಣ ಅಲ್ಲ ತಾನೇ?"

"ಅಲ್ಲ."

"ಹಾಗಾದರೆ ಸರಿ ಬಿಡಮ್ಮಾ."

ಮರುವರ್ಷ ಅವರ ಎರಡು ಚಿತ್ರ ಪಡಸಾಲೆಯಲ್ಲಿದ್ದವು. ತೂಗುಹಾಕುವ ದಿನ ತಾವೇ ಮಟ್ಟಗೋಲು ತಂದಿದ್ದರು. ನಾನು ಹಾಕಿದ್ದ ಮೂರು ಫ್ರೇಮು ವಾರೆಯಾಗಿವೆ ಎಂದು ತೋರಿಸಿಕೊಟ್ಟರು, ಅವುಗಳಲ್ಲಿ ಒಂದೂ ಅವರದಲ್ಲ. ನಿಯಮ ಮಾಡಿದ ಸಮಿತಿ ನಾನೇ ಎಂದು ಅಂದು ಒಪ್ಪಿಕೊಂಡೆ. ಗೊತ್ತಿತ್ತು ಎಂದರು.

ಅಲ್ಲಿಂದೀಚೆಗೆ ಆಯ್ಕೆಯಾಗದ ಪ್ರತಿಯೊಬ್ಬರಿಗೂ ಕಾರಣವನ್ನು ಎರಡು ಸಾಲಿನಲ್ಲಾದರೂ ಬರೆಯುತ್ತೇನೆ. ಸುಲಭದ ಕೆಲಸವಲ್ಲ. ಕೆಲವರು ವಾದಕ್ಕೆ ಬರುತ್ತಾರೆ, ಕೆಲವು ಸಲ ಅವರ ವಾದವೇ ಸರಿ ಇರುತ್ತದೆ. 'ಚೆನ್ನಾಗಿಲ್ಲ' ಎಂಬುದು ಕಾರಣವಲ್ಲವಾದ್ದರಿಂದ ಚಿತ್ರವನ್ನು ಇನ್ನೊಮ್ಮೆ ನೋಡಬೇಕಾಗುತ್ತದೆ, ಹಾಗೆ ನೋಡುತ್ತ ಸಮಿತಿಗೆ ವಾಪಸು ಒಯ್ದು ಒಳಗೆ ತಂದದ್ದೂ ಎರಡು ಸಲ ಉಂಟು. ಈ ವರ್ಷ 140 ಪತ್ರ ಬರೆಯಬೇಕಿದೆ. ನಿನ್ನೆ ಸಂಜೆಗೆ 77 ಮುಗಿದವು. 78ನೆಯದು ಕುರ್ಚಿಯ ಫೋಟೋದಲ್ಲಿ ಕುರ್ಚಿಯನ್ನೇ ಚಿತ್ರಕ್ಕಿಂತ ಚೆಂದ ತೆಗೆದಿರುವ ಒಬ್ಬ ಹುಡುಗನಿಗೆ. ಅವನಿಗೆ ಏನು ಬರೆಯುವುದೆಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ.